ಬಟ್ಟೆಯ ಒಳಗಿದ್ದ ಕಬ್ಬಿಣ: ವಿಸ್ಬಿಯಲ್ಲಿ ನಾಲ್ಕು ದಿನ

ಸ್ಟಾಕ್‌ಹೋಮ್‌ನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಒಂದು ತಲೆಬುರುಡೆ ಇದೆ, ಅದರ ಮೇಲೆ ಕಬ್ಬಿಣದ ಕುಲಾವಿಯೂ ಇದೆ. ನಮ್ಮಲ್ಲಿ ಕೂಸುಗಳಿಗೆ ಕಿವಿ, ಕತ್ತು ಮುಚ್ಚುವಂತೆ ತೊಡಿಸುವ ಕುಲಾವಿಯ ಆಕಾರವೇ ಅದರದು. ಬಟ್ಟೆಯ ಬದಲು ಸಣ್ಣ ಸಣ್ಣ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಹೆಣೆದು ಮಾಡಿದ್ದಾರೆ. ಆರೂವರೆ ಶತಮಾನಗಳ ತುಕ್ಕು ಆ ಬಳೆಗಳನ್ನು ಬೆಸೆದು ಒಂದೇ ಗಟ್ಟಿ ಚಿಪ್ಪಾಗಿಸಿದೆ, ಮೂಳೆ ಆ ಚಿಪ್ಪಿಗೆ ಅಂಟಿಕೊಂಡಿದೆ. ಮಧ್ಯಯುಗದ ಯುರೋಪಿನ ಕವಚಗಳನ್ನು ನಾನು ಅನೇಕ ಕಡೆ ನೋಡಿದ್ದೇನೆ. ಹೊಳಪು ಹಾಕಿ, ಮರದ ಗೊಂಬೆಗೆ ತೊಡಿಸಿ ನಿಲ್ಲಿಸಿದ ಆ ಕವಚಗಳು ಅರಮನೆಯ ಪೀಠೋಪಕರಣಗಳಂತೆ ಕಾಣುತ್ತವೆ. ಈ ಕುಲಾವಿ ಹಾಗಿರಲಿಲ್ಲ, ಅದನ್ನು ತೊಟ್ಟಿದ್ದವನು ಇನ್ನೂ ಅದರೊಳಗೇ ಇದ್ದ. ಅವನು ಸತ್ತ ಜಾಗವನ್ನು ನೋಡಬೇಕೆಂದು ಮರುದಿನ ಬೆಳಿಗ್ಗೆ ನೈನೆಸ್‌ಹಾಮ್ನ್ ಬಂದರಿಗೆ ಹೋಗಿ ಗೋತ್ಲಾಂಡ್ ದ್ವೀಪಕ್ಕೆ ಹೊರಡುವ ಹಡಗು ಹತ್ತಿದೆ.

ಮೂರು ಗಂಟೆಗಳಿಗೆ ಸ್ವಲ್ಪ ಮೀರಿದ ಪ್ರಯಾಣ ಅದು. ಆಗಸ್ಟ್ ತಿಂಗಳ ಮೊದಲ ವಾರಗಳಲ್ಲಿ ಈ ಹಡಗಿನಲ್ಲಿ ಉಣ್ಣೆಯ ನಿಲುವಂಗಿ ತೊಟ್ಟವರು, ಹೆಗಲಿಗೆ ಉದ್ದನೆಯ ಮರದ ಪೆಟ್ಟಿಗೆ ಹೊತ್ತವರು ಕಂಡರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. 1984ರಿಂದ ವಿಸ್ಬಿ ಪಟ್ಟಣದಲ್ಲಿ ನಡೆದುಬಂದಿರುವ ಮಧ್ಯಯುಗ ಸಪ್ತಾಹಕ್ಕೆ ಅವರು ಹೋಗುತ್ತಿರುತ್ತಾರೆ. ದ್ವೀಪ ಹತ್ತಿರವಾದಂತೆ ಮೊದಲು ಕಾಣುವುದು ಕೋಟೆಗೋಡೆ. ಸುಣ್ಣಕಲ್ಲಿನಿಂದ ಕಟ್ಟಿದ, ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಈ ಗೋಡೆ ಬುರುಜುಗಳ ಸಮೇತ ಬಹುಮಟ್ಟಿಗೆ ಇಡಿಯಾಗಿ ಉಳಿದಿದೆ. ಗೋಡೆಯೊಳಗಿನ ಪಟ್ಟಣವನ್ನು ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರ ಕೈಪಿಡಿಗಳು ಗೋಡೆಯ ಸೊಬಗನ್ನಷ್ಟೇ ಹೊಗಳುತ್ತವೆ. ಅದನ್ನು ಯಾರ ವಿರುದ್ಧ ಕಟ್ಟಲಾಯಿತು ಎಂಬುದೇ ಅದರ ಮುಖ್ಯ ಸಂಗತಿಯೆಂದು ನನಗೆ ತೋರುತ್ತದೆ. ಒಳಗೆ ಹಾನ್ಸಾ ಎಂಬ ಉತ್ತರ ಯುರೋಪಿನ ವರ್ತಕ ಒಕ್ಕೂಟದ ವ್ಯಾಪಾರದಿಂದ ಶ್ರೀಮಂತರಾದ, ಹೆಚ್ಚಾಗಿ ಜರ್ಮನ್ ಮೂಲದ ವರ್ತಕರಿದ್ದರು, ಹೊರಗೆ ದ್ವೀಪದ ರೈತರಿದ್ದರು. 1288ರಲ್ಲಿ ಈ ಇಬ್ಬರ ನಡುವೆಯೇ ಯುದ್ಧ ನಡೆದಿತ್ತು.

1361ರ ಜುಲೈ ತಿಂಗಳಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ದೆಮಾರ್ ತನ್ನ ಸೈನ್ಯದೊಂದಿಗೆ ದ್ವೀಪಕ್ಕೆ ಇಳಿದಾಗ ಅವನನ್ನು ಎದುರಿಸಿದವರು ಈ ರೈತರು. ಜುಲೈ 27ರಂದು ಅವರು ಪಟ್ಟಣದ ಬಾಗಿಲ ಮುಂದೆ ಕೊನೆಯ ಬಾರಿ ಕಾದಿದರು. ಬಾಗಿಲು ತೆರೆಯಲಿಲ್ಲ. ಸುಮಾರು 1,800 ಮಂದಿ ಸತ್ತರೆಂದು ಅಂದಾಜು. ಕಾಳಗ ಮುಗಿದ ಮೇಲೆ ವರ್ತಕರು ದೊರೆಗೆ ಶರಣಾಗಿ ಬಾಗಿಲು ತೆರೆದರು.

ಹೋದ ದಿನವೇ ಸಂಜೆ ಪಟ್ಟಣದ ದಕ್ಷಿಣದ ಬಾಗಿಲಿನಿಂದ ಹೊರಬಿದ್ದು ಕೋರ್ಸ್‌ಬೆತ್ನಿಂಗೆನ್ ಎಂಬ ಬಯಲಿಗೆ ನಡೆದೆ. ಕೆಲವೇ ನಿಮಿಷಗಳ ದಾರಿ. ಹಿಂದೆ ಇಲ್ಲಿ ಸೋಲ್ಬೆರ್ಗ ಸನ್ಯಾಸಿನಿಯರ ಮಠವಿತ್ತು, ಈಗ ಹುಲ್ಲಿನ ನಡುವೆ ಒಂದು ಕಲ್ಲಿನ ಶಿಲುಬೆ ನಿಂತಿದೆ. ಅದರ ಮೇಲಿನ ಲ್ಯಾಟಿನ್ ಬರಹದ ತಾತ್ಪರ್ಯ ಹೀಗೆ: 1361ನೆಯ ವರ್ಷದಲ್ಲಿ, ಸಂತ ಯಾಕೋಬನ ಹಬ್ಬದ ನಂತರದ ಮಂಗಳವಾರ, ವಿಸ್ಬಿಯ ಬಾಗಿಲುಗಳ ಮುಂದೆ ಗೋತ್ಲಾಂಡಿನವರು ಡೇನರ ಕೈಯಲ್ಲಿ ಬಿದ್ದರು, ಅವರನ್ನು ಇಲ್ಲಿ ಹೂಳಲಾಗಿದೆ, ಅವರಿಗಾಗಿ ಪ್ರಾರ್ಥಿಸಿ. ಊರೂರಿಗೂ ವೀರಗಲ್ಲುಗಳಿರುವ ನಾಡಿನಿಂದ ಹೋದ ನನಗೆ ಈ ಬರಹವನ್ನು ಓದುತ್ತಿದ್ದಂತೆ ಒಂದು ಕೊರತೆ ಎದ್ದು ಕಂಡಿತು. ತುರುಗೊಳ್ ಕಾಳಗದಲ್ಲಿ ಮಡಿದ ಒಬ್ಬ ಸಾಮಾನ್ಯ ಮನುಷ್ಯನಿಗೂ ನಮ್ಮ ಕಲ್ಲುಗಳು ಎಷ್ಟೋ ಬಾರಿ ಹೆಸರು, ತಂದೆಯ ಹೆಸರು, ಊರು, ಅವನು ಬಿದ್ದ ಕಾರಣ ಎಲ್ಲವನ್ನೂ ಕೊಡುತ್ತವೆ. ಇಲ್ಲಿ ಒಂದು ಹೆಸರೂ ಇಲ್ಲ. ಇವರು ಯಾರೆಂಬುದನ್ನು ಹೇಳಲು ಉಳಿದಿರುವುದು ಅವರ ಮೂಳೆಗಳು ಮತ್ತು ಅವರು ತೊಟ್ಟ ಕಬ್ಬಿಣ ಮಾತ್ರ.

ಮಧ್ಯಯುಗದ ಕವಚದ ಅಧ್ಯಯನದಲ್ಲಿ ವಿಸ್ಬಿಗೆ ಇಷ್ಟು ಮಹತ್ವ ಬಂದದ್ದು ಈ ಕಬ್ಬಿಣದಿಂದಲೇ. ಗೆದ್ದ ಸೈನ್ಯ ಸತ್ತವರ ಮೈಮೇಲಿನ ಕವಚವನ್ನು ಬಿಚ್ಚಿಕೊಳ್ಳುವುದು ಆ ಕಾಲದ ರೂಢಿ, ಏಕೆಂದರೆ ಕಬ್ಬಿಣ ದುಬಾರಿಯಾಗಿತ್ತು. ಆದ್ದರಿಂದ ಯುರೋಪಿನ ಯುದ್ಧಭೂಮಿಗಳಲ್ಲಿ ಕವಚದ ಸಮೇತ ಸಿಕ್ಕ ಶವಗಳು ತೀರ ವಿರಳ. ವಿಸ್ಬಿಯಲ್ಲಿ ಜುಲೈ ತಿಂಗಳ ಬಿಸಿಲಿಗೆ ರಾಶಿಬಿದ್ದ ಹೆಣಗಳು ಬೇಗ ಕೊಳೆಯತೊಡಗಿದ್ದರಿಂದ ಅನೇಕರನ್ನು ತೊಟ್ಟ ಕವಚದಲ್ಲೇ ಗುಂಡಿಗಳಿಗೆ ತಳ್ಳಿ ಮುಚ್ಚಿದರೆಂದು ವಿದ್ವಾಂಸರು ವಿವರಿಸುತ್ತಾರೆ. 1905ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ 1928ರ ನಂತರ ಮುಂದುವರಿದ ಉತ್ಖನನಗಳಲ್ಲಿ ಮೂರು ಸಾಮೂಹಿಕ ಗೋರಿಗಳಿಂದ ಕನಿಷ್ಠ 1,185 ಮಂದಿಯ ಅವಶೇಷಗಳು ಹೊರಬಂದವು. ಅವುಗಳೊಂದಿಗೆ ನೂರಕ್ಕೂ ಮೀರಿ ಬಳೆಗಳ ಕುಲಾವಿಗಳು, ಕೈಗವಚಗಳು, ಸುಮಾರು 25 ಎದೆಗವಚಗಳು ಸಿಕ್ಕವು. ತುಕ್ಕಿನ ಗಡ್ಡೆಗಳಾಗಿದ್ದ ಈ ಎದೆಗವಚಗಳ ತಗಡುಗಳನ್ನು ಒಂದೊಂದಾಗಿ ಅಳೆದು, ಅವು ಇದ್ದ ಸ್ಥಾನವನ್ನು ಗುರುತಿಸಿ, ಆರು ಬಗೆಗಳಾಗಿ ವಿಂಗಡಿಸಿದವರು ಸ್ವೀಡನ್ನಿನ ಪುರಾತತ್ವಜ್ಞ ಬೆಂಗ್ಟ್ ಥೋರ್ದೆಮಾನ್. 1939 ಮತ್ತು 1940ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ಅಧ್ಯಯನವನ್ನು ಇಂದಿಗೂ ಕವಚ ತಯಾರಿಸುವವರು ಮಗ್ಗುಲಲ್ಲಿಟ್ಟುಕೊಂಡು ಕೆಲಸ ಮಾಡುತ್ತಾರೆ.

ಅಂಥ ಒಬ್ಬರನ್ನು ಎರಡನೆಯ ದಿನ ಗೋಡೆಯ ಹೊರಗಿನ ಬಿಡಾರದಲ್ಲಿ ಭೇಟಿಯಾದೆ. ವೃತ್ತಿಯಿಂದ ಬಡಗಿ, ಸ್ವೀಡನ್ನಿನ ಮುಖ್ಯ ಭೂಭಾಗದವರು, ವರ್ಷಕ್ಕೊಮ್ಮೆ ಇಲ್ಲಿಗೆ ಬಂದು 1361ರ ಗೋತ್ಲಾಂಡಿನ ರೈತ ಯೋಧನಾಗಿ ಒಂದು ವಾರ ಕಳೆಯುವವರು. ಅವರ ಡೇರೆಯ ಮುಂದೆ ಒಂದು ಎದೆಗವಚ ತೂಗುಹಾಕಿತ್ತು. ಹೊರಗಿನಿಂದ ನೋಡಿದರೆ ಅದು ಮಾಸಿದ ಕೆಂಪು ಬಟ್ಟೆಯ ತೋಳಿಲ್ಲದ ದಪ್ಪ ಅಂಗಿ, ಅದರ ಮೇಲೆ ಸಾಲುಸಾಲಾಗಿ ಮೊಳೆಯ ತಲೆಗಳು. ಅವರು ಅಂಗಿಯನ್ನು ಮಗುಚಿ ಒಳಮೈ ತೋರಿಸಿದಾಗ ಅಂಗೈಗಿಂತ ಅಗಲವಾದ ಕಬ್ಬಿಣದ ತಗಡುಗಳು ಹಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕುಳಿತಿದ್ದವು. ಹೊರಗೆ ಕಂಡ ಮೊಳೆತಲೆಗಳು ಈ ತಗಡುಗಳನ್ನು ಬಟ್ಟೆಗೆ ಕಚ್ಚಿಸಿದ ರಿವೆಟ್‌ಗಳು. ನಡುವಿನ ತೂತಿನಲ್ಲಿ ತಲೆ ತೂರಿಸಿ ಇದನ್ನು ಇಳಿಬಿಟ್ಟುಕೊಂಡು, ಎರಡು ಪಕ್ಕದ ರೆಕ್ಕೆಗಳನ್ನು ಬೆನ್ನಿಗೆ ಸುತ್ತಿ ಬಕಲ್ ಹಾಕಬೇಕು. ಒಬ್ಬರೇ ಹಾಕಿಕೊಳ್ಳುವುದು ಕಷ್ಟ, ನಾನೇ ಬೆನ್ನಿನ ಪಟ್ಟಿ ಬಿಗಿದೆ.

ಚಲನಚಿತ್ರಗಳಲ್ಲೂ ಆಟಗಳಲ್ಲೂ ಪದೇಪದೇ ಕಾಣುವ ಒಂದು ತಪ್ಪಿನ ಮೂಲ ಆ ಅಂಗಿಯ ಮುಂದೆ ನಿಂತಾಗ ತಾನಾಗಿ ಸ್ಪಷ್ಟವಾಯಿತು. ಹಳೆಯ ಚಿತ್ರಗಳಲ್ಲಿ, ಸಮಾಧಿಯ ಶಿಲ್ಪಗಳಲ್ಲಿ ಯೋಧರ ಮೈಮೇಲೆ ಮೊಳೆತಲೆಗಳ ಸಾಲು ಮಾತ್ರ ಕಾಣುತ್ತದೆ, ಒಳಗಿನ ತಗಡು ಕಾಣುವುದಿಲ್ಲ. ಅದನ್ನು ನೋಡಿದ ನಂತರದ ಕಾಲದವರು ತೊಗಲಿನ ಅಂಗಿಗೆ ಬರಿಯ ಗುಬುಟು ಹೊಡೆದರೆ ಕವಚವಾಗುತ್ತದೆಂದು ಊಹಿಸಿದರು. ಕತ್ತಿಯ ಏಟನ್ನು ಗುಬುಟು ತಡೆಯುವುದಿಲ್ಲ, ಅದರ ಹಿಂದಿನ ಕಬ್ಬಿಣ ತಡೆಯುತ್ತದೆ. ಕವಚ ತೊಟ್ಟ ಸವಾರನನ್ನು ರಾಟೆಯಿಂದ ಎತ್ತಿ ಕುದುರೆಯ ಮೇಲೆ ಕೂರಿಸಬೇಕಿತ್ತು ಎಂಬ ಕಥೆಯೂ ಇಂಥದೇ ಊಹೆ. ನೂರು ವರ್ಷಗಳ ನಂತರ ಬಂದ ಅಡಿಯಿಂದ ಮುಡಿಯವರೆಗಿನ ಉಕ್ಕಿನ ಕವಚವೂ ಸಾಮಾನ್ಯವಾಗಿ 20ರಿಂದ 25 ಕಿಲೊ ತೂಗುತ್ತಿತ್ತು, ಆ ಭಾರ ಮೈತುಂಬ ಹಂಚಿಹೋಗುತ್ತಿದ್ದರಿಂದ ತೊಟ್ಟವನು ಓಡಬಲ್ಲವನಾಗಿದ್ದ.

ಅವರ ಕುಲಾವಿಯನ್ನು ಕೈಗೆ ತೆಗೆದುಕೊಂಡು ಬಳೆಗಳನ್ನು ಹತ್ತಿರದಿಂದ ನೋಡಿದೆ. ಪ್ರತಿ ಬಳೆಯೂ ನೆರೆಯ ನಾಲ್ಕು ಬಳೆಗಳೊಳಗೆ ಹಾದಿತ್ತು. ಬಳೆಯ ಎರಡು ತುದಿಗಳನ್ನು ತಟ್ಟಿ ಚಪ್ಪಟೆ ಮಾಡಿ, ಒಂದರ ಮೇಲೊಂದು ಕೂರಿಸಿ, ತೂತು ಹೊಡೆದು, ಸಾಸಿವೆಯಷ್ಟು ಸಣ್ಣ ರಿವೆಟ್ ಬಡಿದಿದ್ದರು. ಅಗ್ಗದ ನಕಲುಗಳಲ್ಲಿ ತುದಿಗಳನ್ನು ಬರಿದೇ ಒತ್ತಿ ಕೂಡಿಸಿರುತ್ತಾರೆ, ಬಾಣದ ಮೊನೆ ತಾಗಿದರೆ ಅವು ಬಾಯಿಬಿಡುತ್ತವೆ. ಇಷ್ಟು ಬಳೆಗಳನ್ನು ನೀವೇ ಕೂಡಿಸಿದಿರಾ ಎಂದು ಕೇಳಿದಾಗ ಅವರು ನನ್ನ ಮುಖ ನೋಡಿ, ಇದು ನಿಮ್ಮ ದೇಶದಿಂದಲೇ ಬಂದದ್ದು ಎಂದರು. ಹಳೆಯ ಕಾಳಗಗಳನ್ನು ಮತ್ತೆ ಆಡಿ ತೋರಿಸುವ ಯುರೋಪಿನ ಮರುಅಭಿನಯ ತಂಡಗಳು ತೊಡುವ ರಿವೆಟ್ ಹಾಕಿದ ಬಳೆಗವಚಗಳಲ್ಲಿ ದೊಡ್ಡ ಪಾಲು ಉತ್ತರ ಭಾರತದ ಕಾರ್ಖಾನೆಗಳಲ್ಲಿ ಕೈಯಿಂದ ತಯಾರಾಗುತ್ತದೆಂದು ಓದಿದ್ದೆ. ಆದರೂ ಬಾಲ್ಟಿಕ್ ಸಮುದ್ರದ ನಡುವೆ ನಿಂತು ಆ ತೂಕವನ್ನು ಅಂಗೈಯಲ್ಲಿ ಹಿಡಿದಾಗ, ಸಾವಿರಾರು ಬಳೆಗಳಿಗೆ ಒಂದೊಂದಾಗಿ ರಿವೆಟ್ ಕೂರಿಸಿದ, ಈ ಬಯಲನ್ನು ಎಂದೂ ನೋಡದ ಕೈಗಳ ಬಗ್ಗೆಯೇ ಬಹಳ ಹೊತ್ತು ಯೋಚಿಸಿದೆ. ನಡುಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ‘ಜೋಡು’, ‘ಸೀಸಕ’ ಎಂದು ಓದಿ ಮುಂದೆ ಸಾಗುವಾಗ ಆ ಮಾತುಗಳ ಹಿಂದೆ ಎಷ್ಟು ಜನರ ಎಷ್ಟು ತಿಂಗಳ ಕೆಲಸವಿತ್ತೆಂದು ನಾನು ಅಲ್ಲಿಯವರೆಗೆ ಲೆಕ್ಕ ಹಾಕಿರಲಿಲ್ಲ.

ಮೂರನೆಯ ದಿನ ಮಳೆ ಬಂದದ್ದರಿಂದ ಹೆಚ್ಚು ಹೊತ್ತು ಡೇರೆಯೊಳಗೆ ಮಾತಿನಲ್ಲೇ ಕಳೆಯಿತು. ಇತಿಹಾಸಕ್ಕೆ ನಿಷ್ಠವಾಗಿರುವುದು ಎಂದರೇನು ಎಂಬುದೇ ಚರ್ಚೆ. ವಿಸ್ಬಿಯ ಎದೆಗವಚಗಳಲ್ಲಿ ಅನೇಕವು 1361ಕ್ಕಾಗಲೇ ಹಳೆಯ ಮಾದರಿಯವಾಗಿದ್ದವು. ರಾಜಪರಿವಾರದ ಯೋಧರು ಹೊಸ ಬಗೆಯ ಕವಚಕ್ಕೆ ಹೋಗಿದ್ದ ಕಾಲದಲ್ಲಿ ಈ ರೈತರು ಅಪ್ಪನದೋ ಅಜ್ಜನದೋ ಕವಚ ತೊಟ್ಟು ಬಂದಿರಬೇಕು. ಮೂಳೆಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಹದಿಹರೆಯದ ಹುಡುಗರದೂ ಮುದುಕರದೂ ಧಾರಾಳವಾಗಿ ಕಂಡವು. ಹಾಗಿರುವಾಗ 1361ರ ಅತ್ಯುತ್ತಮ ಕವಚವನ್ನು ಕೊಂಡು, ಮೂವತ್ತರ ಪ್ರಾಯದ ಗಟ್ಟಿಮುಟ್ಟಾದ ಗಂಡಸರೇ ಸಾಲಾಗಿ ನಿಂತರೆ, ಒಂದೊಂದು ವಸ್ತು ಸರಿಯಿದ್ದರೂ ಒಟ್ಟು ದೃಶ್ಯ ಸುಳ್ಳಾಗುತ್ತದೆ ಎಂಬುದು ಅವರ ವಾದ. ನನಗೂ ಅದೇ ಸರಿಯೆನಿಸಿತು. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ಚೆನ್ನಾಗಿ ಉಳಿದಿರುವ ಎದೆಗವಚಗಳು ವಿಸ್ಬಿಯವಾದ್ದರಿಂದ ಫ್ರಾನ್ಸಿನ ಕಾಳಗವಿರಲಿ, ಪೋಲೆಂಡಿನದಿರಲಿ, ಹದಿನಾಲ್ಕನೆಯ ಶತಮಾನದ ಯಾವ ಯೋಧನಿಗೂ ವಿಸ್ಬಿಯ ಕವಚವನ್ನೇ ತೊಡಿಸಿಬಿಡುತ್ತಾರೆ. ಒಂದು ದ್ವೀಪದಲ್ಲಿ ಒಂದೇ ದಿನ ಸೋತು ಸತ್ತವರ ಉಡುಪು ಇಡೀ ಖಂಡದ ಸಮವಸ್ತ್ರವಾಗಿಬಿಡುತ್ತದೆ.

ಗೋರಿಗಳು ಕೊಡದ ಸಂಗತಿಗಳೂ ಬಹಳ. ಶಿರಸ್ತ್ರಾಣಗಳು ಅಲ್ಲಿ ಸಿಗಲಿಲ್ಲ, ಸುಲಭವಾಗಿ ಕಳಚಿಬರುವ ಅವುಗಳನ್ನು ಗೆದ್ದವರು ಒಯ್ದಿರಬೇಕು. ಆದ್ದರಿಂದ ತಲೆಗೆ ಏನು ಇಡಬೇಕೆಂಬುದಕ್ಕೆ ಆ ಕಾಲದ ಹಸ್ತಪ್ರತಿಗಳ ಚಿತ್ರಗಳನ್ನೂ, 1376ರಲ್ಲಿ ತೀರಿಕೊಂಡ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡನ ಕ್ಯಾಂಟರ್ಬರಿಯ ಸಮಾಧಿಯಂಥ ಶಿಲ್ಪಗಳನ್ನೂ ನೋಡಬೇಕಾಗುತ್ತದೆ. ಆದರೆ ಅವು ಸಿರಿವಂತರ ಚಿತ್ರಗಳು. ಕವಚದ ಅಡಿಯಲ್ಲಿ ತೊಡುತ್ತಿದ್ದ, ನಾರುಬಟ್ಟೆಯನ್ನು ಪದರಪದರವಾಗಿ ಹೊಲಿದ ಮೆತ್ತಂಗಿಯನ್ನು ಮಣ್ಣು ತಿಂದುಹಾಕಿದೆ. 1882ರಲ್ಲಿ ಹೆಲ್‌ಕ್ವಿಸ್ಟ್ ಎಂಬ ಕಲಾವಿದ ವಾಲ್ದೆಮಾರ್ ವಿಸ್ಬಿಯ ಚೌಕದಲ್ಲಿ ಕುಳಿತು ಪಟ್ಟಣಿಗರ ಚಿನ್ನಬೆಳ್ಳಿಯನ್ನು ಪೀಪಾಯಿಗಳಿಗೆ ತುಂಬಿಸಿಕೊಳ್ಳುವ ದೃಶ್ಯವನ್ನು ಬರೆದ. ಸ್ವೀಡನ್ನಿನ ಜನಮನದಲ್ಲಿ ಇಂದಿಗೂ ವಿಸ್ಬಿಯ ಪತನವೆಂದರೆ ಆ ಚಿತ್ರವೇ. ಪೀಪಾಯಿಗಳ ಕಥೆ ಬಹಳ ಕಾಲದ ನಂತರ ಬೆಳೆದದ್ದು, ಚಿತ್ರ ಬರೆದಾಗ ಗೋರಿಗಳಿನ್ನೂ ತೆರೆದಿರಲಿಲ್ಲ. ಆ ಕಲಾವಿದನಿಗೆ ತಿಳಿಯಲು ದಾರಿಯೇ ಇರಲಿಲ್ಲ. ದಾರಿ ತೆರೆದು ನೂರು ವರ್ಷಗಳಾದ ಮೇಲೂ ಕಣ್ಣಿಗೆ ಚೆಂದ ಕಾಣುವುದನ್ನೇ ಹಾಕಿಕೊಳ್ಳುವವರ ಬಗ್ಗೆ ನನಗೆ ಅಷ್ಟು ಸಹನೆಯಿಲ್ಲ.

ನಾಲ್ಕನೆಯ ದಿನ ಬಿಸಿಲು ಬಂತು. ಬಡಗಿ ಕಾಳಗದ ಪ್ರದರ್ಶನಕ್ಕೆ ಸಿದ್ಧರಾಗುವಾಗ ಕಾಲಿಗೆ ಮೊದಲು ಪ್ಲಾಸ್ಟಿಕ್ಕಿನ ಮೊಣಕಾಲುಕಟ್ಟುಗಳನ್ನು ಬಿಗಿದು, ಅವು ಕಾಣದಂತೆ ಮೇಲೆ ಉಣ್ಣೆಯ ಕಾಲ್ಚೀಲ ಎಳೆದುಕೊಂಡರು. ಕತ್ತಿ ಮೊಂಡಾಗಿದ್ದರೂ ಮೂಳೆ ಮುರಿಯಬಹುದು, ಆದ್ದರಿಂದ ರಕ್ಷಣೆ ಇರಲೇಬೇಕೆಂಬುದು ತಂಡದ ನಿಯಮ. ಗೋರಿಗಳಲ್ಲಿ ಕಾಲಿನ ಕವಚ ಹೆಚ್ಚುಕಡಿಮೆ ಇರಲಿಲ್ಲವಾದ್ದರಿಂದ ಹೊರಗೆ ಏನೂ ಕಾಣಬಾರದೆಂಬುದು ಅವರದೇ ನಿಯಮ. ಅವರು ಹಾಗೆ ಬಗ್ಗಿದ್ದಾಗ ಸ್ಟಾಕ್‌ಹೋಮ್‌ನಲ್ಲಿ ನೋಡಿದ್ದ ಮೊಣಕಾಲ ಕೆಳಗಿನ ಮೂಳೆಗಳು ನೆನಪಾದವು. ಈ ಕಾಳಗದಲ್ಲಿ ಕತ್ತಿ, ಕೊಡಲಿಗಳ ಗಾಯಗಳಲ್ಲಿ ಬಹುಪಾಲು ಬಿದ್ದದ್ದು ಅಲ್ಲಿಯೇ. ಗುರಾಣಿ ಮತ್ತು ಎದೆಗವಚ ಮುಗಿಯುವ ಕಡೆಯಿಂದ ಕೆಳಗೆ ಆ ರೈತರಿಗೆ ಹೆಚ್ಚುಕಡಿಮೆ ಏನೂ ಇರಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಹಡಗಿನ ಸಮಯಕ್ಕೆ ಇನ್ನೂ ಎರಡು ಗಂಟೆ ಇತ್ತು. ಶಿಲುಬೆಯ ಬಳಿಯಿಂದ ದಕ್ಷಿಣದ ಬಾಗಿಲಿನವರೆಗೆ ಮತ್ತೊಮ್ಮೆ ನಿಧಾನವಾಗಿ ನಡೆದೆ. ಗೋಡೆಯ ಮೇಲೆ ನಿಂತವರ ಮುಖಗಳು ಬಯಲಿನಿಂದ ಸ್ಪಷ್ಟವಾಗಿ ಕಾಣುತ್ತಿದ್ದವು.