ಬಾಲ್ಯದ ನೆನಪಿನಿಂದ ಹಾಸ್ಯದ ಪಾತ್ರ ಕಟ್ಟಿಸುವ ಬಗೆ

ಶಿರಸಿ, ಹೊನ್ನಾವರದ ಕಡೆ ಹುಡುಗರಿಗೆ ಹಾಸ್ಯ ಕಲಿಸಲು ಕೂತರೆ ಮೊದಲ ದಿನ ಎಲ್ಲರೂ ತರುವುದು ಒಂದೇ ಸರಕು: "ಸಣ್ಣಕಿದ್ದಾಗ ಒಂದ್ಸಲ ಭಾರೀ ತಮಾಷೆ ಆಗಿತ್ತು." ಇದು ವೇದಿಕೆಯಲ್ಲಿ ನಿಲ್ಲುವುದಿಲ್ಲ. ಹಿನ್ನೆಲೆ ಹೇಳುವುದರಲ್ಲೇ ಎರಡು ನಿಮಿಷ ಕಳೆದು, ಎದುರಿಗೆ ಕೂತವರಿಗೆ ಆಕಳಿಕೆ ಬಂದಿರುತ್ತದೆ.

ಘಟನೆ ಬಿಟ್ಟು ಒಬ್ಬ ಮನುಷ್ಯನನ್ನು ಹಿಡಿಯಲು ಹೇಳಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವವರ ನಡುವೆ ಬೆಳೆದ ಮಕ್ಕಳ ಕಿವಿಯಲ್ಲಿ ಹತ್ತಾರು ದನಿ ಉಳಿದಿರುತ್ತವೆ. ಕವಳ (ಎಲೆಯಡಿಕೆ) ಉಗುಳಿ ಬಂದೇ ಮಾತು ತೆಗೆಯುವವರು ಯಾರು? "ಎಂತೂ ಇಲ್ಲೆ" ಎಂದು ಶುರುಮಾಡಿ ಅರ್ಧ ತಾಸು ಎಳೆಯುವವರು ಯಾರು? ಅಂಥ ಒಬ್ಬರ ಒಂದು ಮಾತು, ಒಂದು ಕೈಸನ್ನೆ, ಒಂದು ಹಟ ಸಾಕು. ಬರೆಯುವ ಮೊದಲು ಎದ್ದು ಅವರ ಹಾಗೆ ನಡೆದು ತೋರಿಸಲಿ. ಯಕ್ಷಗಾನದ ಬಡಗುತಿಟ್ಟಿನಲ್ಲಿ, ಅಂದರೆ ಬಡಗಿನ ಶೈಲಿಯಲ್ಲಿ, ಕಲಿಯುವ ಹುಡುಗನಿಗೆ ಮೊದಲು ಪೂರ್ವರಂಗದ (ಕತೆ ಶುರುವಾಗುವ ಮುಂಚಿನ ಭಾಗದ) ಕೋಡಂಗಿ ವೇಷ ಕೊಡುತ್ತಿದ್ದದ್ದೂ ಹೀಗೇ: ಹೆಜ್ಜೆ ಮೈಗೆ ಹತ್ತಬೇಕು, ಮಾತು ಆಮೇಲೆ. ಆಮೇಲೆ ಆ ಮನುಷ್ಯನನ್ನು ಇವತ್ತಿನ ಬ್ಯಾಂಕಿನ ಸರದಿಯಲ್ಲಿ ನಿಲ್ಲಿಸಿ. ಆಡುಮಾತನ್ನು ತಿದ್ದಬೇಡಿ. ರಾಜ ಗ್ರಾಂಥಿಕದಲ್ಲಿ ಗರ್ಜಿಸುವಾಗ ದೂತ ಊರಮಾತಿಗೆ ಇಳಿಯುವುದರಿಂದಲೇ ಯಕ್ಷಗಾನದ ಆಟದಲ್ಲಿ ನಗು ಹುಟ್ಟುವುದು.

ಹೆಚ್ಚಿನವರು ಎಡವುವುದು ವಾಕ್ಯದ ಕೊನೆಯಲ್ಲಿ. "ಅಜ್ಜಿ ಅಟ್ಟದ ಮೇಲೆ ಕೂತು ಬೀಡಿ ಸೇದುತ್ತಿದ್ದಳು" ಅಂದರೆ ಗುಟ್ಟು ಮೊದಲ ಶಬ್ದಕ್ಕೇ ಬಿಟ್ಟುಹೋಯಿತು. "ಅಟ್ಟದ ಮೇಲೆ ಕೂತು ಬೀಡಿ ಸೇದುತ್ತಿದ್ದದ್ದು ಅಜ್ಜಿ" ಅನ್ನಿಸಿ, ಅಲ್ಲೇ ನಿಲ್ಲಿಸಿ. ನಗು ಮುಗಿಯುವ ತನಕ ಬಾಯಿ ತೆರೆಯಕೂಡದು.

ನೋವಿನ ನೆನಪುಗಳನ್ನು ತಳ್ಳಿಹಾಕಬೇಡಿ, ಅಲ್ಲೇ ಗಟ್ಟಿ ಸರಕಿದೆ. ಚಾರ್ಲಿ ಚಾಪ್ಲಿನ್ ಆತ್ಮಕಥೆಯಲ್ಲಿ ಒಂದು ಕುರಿಯ ಪ್ರಸಂಗವಿದೆ. ಕಸಾಯಿಖಾನೆಗೆ ಹೊರಟ ಕುರಿ ತಪ್ಪಿಸಿಕೊಂಡು ಬೀದಿಯಲ್ಲಿ ಓಡಿತು. ಹಿಡಿಯಲು ಹೋದವರು ಮುಗ್ಗರಿಸಿ ಬಿದ್ದರು, ಹುಡುಗ ಚಾಪ್ಲಿನ್ ನಕ್ಕ. ಕುರಿ ಸಿಕ್ಕಿಬಿದ್ದಾಗ ಅದನ್ನು ಕೊಲ್ಲುತ್ತಾರೆ ಎಂದು ಹೊಳೆದು, ಅಳುತ್ತ ತಾಯಿಯ ಹತ್ತಿರ ಓಡಿದ. ತನ್ನ ಸಿನೆಮಾಗಳಲ್ಲಿ ನಗುವೂ ದುಃಖವೂ ಬೆರೆತದ್ದಕ್ಕೆ ಇದೇ ಬೀಜವಿರಬಹುದೇ ಎಂದು ಮುಂದೆ ಆತ ಯೋಚಿಸುತ್ತಾನೆ.

ಆದರೆ ಹೇಳುವಾಗ ಹುಡುಗನ ಗಂಟಲು ಕಟ್ಟಿದರೆ ಒತ್ತಾಯ ಬೇಡ, ಆ ನೆನಪು ಸದ್ಯಕ್ಕೆ ಬದಿಗಿರಲಿ. ಊರಿನಲ್ಲಿ ಇನ್ನೂ ಇರುವವರ ಪಾತ್ರವಾದರೆ ಹೆಸರು, ಮನೆ, ಕಸುಬು ಮೂರನ್ನೂ ಬದಲಿಸಿ. ಬೇರೆ ಜಾತಿಯವರ ಮಾತಿನ ಧಾಟಿ ಅಣಕಿಸಿ ನಗಿಸಲು ಹೊರಟರೆ ಮೊದಲ ತಾಲೀಮಿನಲ್ಲೇ ತಡೆಯಿರಿ.