‘ಕೊಲಿ ಮಾಡಿದಂವಗೂ ಹಕ್ಕೇನ್ರಿ?’ ಅಂತ ಕೇಳುವವರಿಗೆ

ಪೇಪರಿನಲ್ಲಿ ಕೊಲೆ ಸುದ್ದಿ ಬಂದ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ‘ನೀವು ಕ್ಯಾಥೊಲಿಕ್ ಮಂದಿ ಗಲ್ಲು ಬ್ಯಾಡ ಅಂತೀರಂತ. ಕೊಲಿ ಮಾಡಿದಂವಗೂ ಮಾನವ ಹಕ್ಕೇನ್ರಿ?’ ಹೌದು, ಅವನಿಗೂ ಇದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಮ್ಮೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತಿದ್ದೆ. ಪರಿಚಯದವರೊಬ್ಬರು ಮಿರ್ಚಿ ಕೈಯಲ್ಲಿ ಹಿಡಿದೇ ಜೋರಾಗಿ ಕೇಳಿದರು: ‘ಹಂಗಾರ ಸತ್ತಾಕಿಗೆ ಇರಲಿಲ್ಲೇನ್ರಿ ಹಕ್ಕು?’ ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿದರು. ಇತ್ತು ರೀ. ಇದ್ದದ್ದಕ್ಕೇ ಅದು ಕೊಲೆ. ಕೊಂದವನು ಜೈಲಿನಲ್ಲೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಇವನಿಗೆ ಕೊಟ್ಟರೆ ಅವಳಿಗೆ ಕಮ್ಮಿ ಬೀಳುತ್ತದೆ ಅನ್ನುವ ಹಾಗೆ ಕೇಳುತ್ತಾರಲ್ಲ, ಅದು ನನಗೆ ಆಗಿಬರುವುದಿಲ್ಲ. ಹಕ್ಕೇನು ರೇಷನ್ ಅಕ್ಕಿಯಾ?

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಮಾನ ಹೋಯ್ತು, ಮರ್ಯಾದೆ ಕಳಕೊಂಡ ಅಂತೀವಿ. ಚರ್ಚ್ ಹೇಳುವ ಘನತೆ ಹಾಗೆ ಹೋಗುವಂಥದ್ದಲ್ಲ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿದ, ಅಲ್ಲಿಂದ ಬಂದದ್ದು ಅದು. ಯಾರೂ ದುಡಿದು ಗಳಿಸಿದ್ದಲ್ಲ, ಹಾಗಾಗಿ ಯಾರೂ ಕಸಿಯುವ ಹಾಗಿಲ್ಲ. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ‘ಡಿಗ್ನಿತಾಸ್ ಇನ್ಫಿನಿತಾ’ (ಅಪಾರ ಘನತೆ) ಎಂಬ ಘೋಷಣೆ ಇದನ್ನೇ ಬಿಡಿಸಿ ಹೇಳುತ್ತದೆ. ಕೆಟ್ಟದ್ದು ಮಾಡಿದವನು ನಡತೆಯಿಂದ ಬರುವ ಘನತೆ ಕಳೆದುಕೊಳ್ಳಬಹುದು. ಮನುಷ್ಯ ಎನ್ನುವ ಘನತೆ ಉಳಿದೇ ಇರುತ್ತದೆ.

ಚರ್ಚಿಗೂ ಇದು ತಡವಾಗಿಯೇ ತಿಳಿಯಿತು, ಮುಚ್ಚಿಡುವುದಿಲ್ಲ. ಪೋಪರ ರಾಜ್ಯದಲ್ಲೇ 1870ರವರೆಗೂ ಮರಣದಂಡನೆ ನಡೆದಿದೆ. ಪೋಪ್ 23ನೇ ಜಾನ್ ಮಾನವ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ ಬರೆದದ್ದು 1963ರಲ್ಲಿ. ಗಲ್ಲನ್ನು ಒಪ್ಪಲಾಗದು ಎಂದು ಪೋಪ್ ಫ್ರಾನ್ಸಿಸ್ ಬೋಧನೆಯ ಪುಸ್ತಕವನ್ನೇ ತಿದ್ದಿಸಿದ್ದು 2018ರಲ್ಲಿ.

ಆದರೆ ಎಲ್ಲರೂ ಕೊಲೆಗಾರನ ಬಗ್ಗೆಯೇ ಯಾಕೆ ಕೇಳುತ್ತೀರಿ? ಅವನು ಜೈಲಿನಲ್ಲಿದ್ದಾನೆ, ದಿನಾ ಎದುರಿಗೆ ಬರುವುದಿಲ್ಲ. ‘ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮೊಳಗ ಜಾತಿ ಯಾಕ ಐತಿ?’ ಅಂತ ಕೇಳಿ. ಭಾರತದ ಬಿಷಪ್‌ಗಳು 2016ರಲ್ಲಿ ದಲಿತರಿಗಾಗಿ ಒಂದು ನೀತಿ ಹೊರಡಿಸಿದರು. ಚರ್ಚಿನೊಳಗೂ ಅಸ್ಪೃಶ್ಯತೆ ಇದೆ, ಅದು ಘೋರ ಪಾಪ ಎಂದು ಅವರೇ ಒಪ್ಪಿಕೊಂಡರು.

ನಾನದನ್ನು ನಮ್ಮ ಮನೆಯಲ್ಲೇ ಕಂಡಿದ್ದೆ. ರೈಲ್ವೆ ಕ್ವಾರ್ಟರ್ಸಿನ ಹಿತ್ತಲ ಗೋಡೆ ಮೇಲೆ ಹಿಡಿ ಮುರಿದ ಒಂದು ಕಪ್ ಇರುತ್ತಿತ್ತು. ಗಟಾರ ಬಳಿಯಲು ಬರುತ್ತಿದ್ದ ಹೆಂಗಸಿಗೆ ಅದರಲ್ಲೇ ಚಹಾ. ಒಂದು ಭಾನುವಾರವೂ ಪೂಜೆ ತಪ್ಪಿಸದ ನಮ್ಮವ್ವ ಬೋಗುಣಿಯನ್ನು ಗೇಣೆತ್ತರ ಹಿಡಿದು ಸುರಿಯುತ್ತಿದ್ದಳು, ಕಪ್ಪಿಗೆ ತಾಗಬಾರದಲ್ಲ. ಚಹಾ ಅರ್ಧ ಗೋಡೆ ಮೇಲೆಯೇ ಚೆಲ್ಲುತ್ತಿತ್ತು. ಆಕೆ ಕುಡಿದು, ಕಪ್ ತೊಳೆದು, ಅಲ್ಲೇ ಡಬ್ಬು ಹಾಕಿ ಹೋಗುತ್ತಿದ್ದಳು. ಅವ್ವ ಊರಿಗೆ ಹೋದಾಗ ಚಹಾ ಕೊಡುವ ಕೆಲಸ ನನ್ನದು. ನಾನೂ ಮೇಲಿಂದಲೇ ಸುರಿಯುತ್ತಿದ್ದೆ.