ಗೇರು ಎಂದವರು ಯಾವ ಊರಿನವರು?

ಹೊಸದಾಗಿ ಜಮೀನು ಕೊಂಡವರಿಗೆ ಅಲ್ಲಿರುವ ಮರಗಳ ಪಟ್ಟಿ ಮಾಡಿಕೊಡುವುದು ನನ್ನ ಕೆಲಸದ ಒಂದು ಭಾಗ. ಯಾವ ಮರ, ಬುಡದ ಸುತ್ತಳತೆ ಎಷ್ಟು, ಉಳಿಸಬೇಕೆ, ಸವರಬೇಕೆ, ಫಸಲು ಕೊಡುತ್ತದೆಯೆ ಎಂಬುದನ್ನೆಲ್ಲ ನಾನು ಆ ಪಟ್ಟಿಯಲ್ಲಿ ಬರೆಯುತ್ತೇನೆ. ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಈ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ತೆಂಗು, ಹೊಂಗೆ, ಬೇವು, ಹುಣಸೆ, ಬದುವಿನ ಮೇಲೊಂದಿಷ್ಟು ತೇಗ, ಅಷ್ಟೇ. ಮೇಲುಕೋಟೆಯ ಕಡೆಯ ಕಲ್ಲುಗುಡ್ಡಗಳ ಅಂಚಿನ ಜಮೀನುಗಳು ಹಾಗಲ್ಲ. ಅಲ್ಲಿ ಕುರುಚಲು ಕಾಡಿನ ಮರಗಳು ಹೊಲದ ಒಳಗೇ ಉಳಿದಿರುತ್ತವೆ, ಕೊಂಡವರಿಗೆ ಅವುಗಳ ಹೆಸರೂ ತಿಳಿದಿರುವುದಿಲ್ಲ.

ಅಂಥದೊಂದು ಎರಡೂವರೆ ಎಕರೆ ಜಮೀನಿನ ಪಟ್ಟಿಯನ್ನು ನಾನು ನವೆಂಬರ್ ತಿಂಗಳಿನಲ್ಲಿ ಮಾಡಿದೆ. ಮಾಲೀಕರು ಬೆಂಗಳೂರಿನವರು. ಜೊತೆಯಲ್ಲಿ ದಾರಿ ತೋರಿಸಲು ಬಂದಿದ್ದವರು ಅದೇ ಊರಿನ ಹಿರಿಯರೊಬ್ಬರು. ಹಳ್ಳದ ಆಚೆಯ ಬದುವಿನಲ್ಲಿ ಅಗಲವಾದ ಎಲೆಗಳ ಒಂದು ಮರ ನಿಂತಿತ್ತು. ಹಳ್ಳದಲ್ಲಿ ನೀರಿದ್ದುದರಿಂದ ನಾನು ದಾಟಲಿಲ್ಲ. ಅದು ಯಾವ ಮರ ಎಂದು ಕೇಳಿದ್ದಕ್ಕೆ ಆ ಹಿರಿಯರು, "ಅದು ಗೇರು ಸಾ" ಎಂದರು. ನಾನು ಪಟ್ಟಿಯಲ್ಲಿ "ಗೋಡಂಬಿ, ನಾಟಿ, 1, ಸವರಿದರೆ ಫಸಲು ಸುಧಾರಿಸಬಹುದು" ಎಂದು ಬರೆದುಕೊಂಡೆ.

ಈ ತಪ್ಪು ನನ್ನ ಕಿವಿಯದು. ನಾನು ಕೆಲಸ ಕಲಿತದ್ದು ಪುತ್ತೂರಿನ ಸುತ್ತಮುತ್ತಲ ತೋಟಗಳಲ್ಲಿ. ಅಲ್ಲಿ ಗೇರು ಎಂದರೆ ಗೋಡಂಬಿ, ಗೇರುಬೀಜ ಎಂದರೆ ಗೋಡಂಬಿಯ ಬೀಜ, ಅದರಲ್ಲಿ ಎರಡನೆಯ ಅರ್ಥವೇ ಹೊಳೆಯುವುದಿಲ್ಲ. ಮೈಸೂರು, ಮಂಡ್ಯ ಸೀಮೆಯಲ್ಲಾದರೋ ಗೋಡಂಬಿ ಗೋಡಂಬಿಯೇ. ಗೇರು ಎಂದರೆ ಕಾಡಿನ ಕರಿಗೇರು, ಆಯುರ್ವೇದದವರು ಭಲ್ಲಾತಕ ಎನ್ನುವ ಮರ. ಅದರ ಕರಿಯ ಕಾಯಿಯನ್ನು ಸೂಜಿಯಿಂದ ಚುಚ್ಚಿ, ಬಂದ ರಸದಿಂದ ಬಟ್ಟೆಯ ಅಂಚಿಗೆ ಗುರುತು ಹಾಕಿ, ಮೇಲೆ ಸುಣ್ಣ ತಾಗಿಸಿದರೆ ಎಷ್ಟು ಒಗೆದರೂ ಗುರುತು ಹೋಗುವುದಿಲ್ಲ. ಮಡಿವಾಳರು ತಲೆಮಾರುಗಳ ಕಾಲ ಯಾರ ಮನೆಯ ಬಟ್ಟೆ ಯಾವುದೆಂದು ನೆನಪಿಟ್ಟದ್ದು ಹೀಗೆ.

ಹೆಸರಿನ ಈ ಗೊಂದಲ ನಮ್ಮದು ಮಾತ್ರವಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಹೃದಯದ ಆಕಾರದ್ದು ಎಂಬ ಅರ್ಥದಲ್ಲಿ ಯುರೋಪಿನ ಹಳೆಯ ಔಷಧಿ ವ್ಯಾಪಾರಿಗಳು ಅನಕಾರ್ಡಿಯಂ ಎಂದು ಕರೆಯುತ್ತಿದ್ದುದು ನಮ್ಮ ಕರಿಗೇರಿನ ಕಾಯಿಯನ್ನೇ. ಪೋರ್ಚುಗೀಸರು ಬ್ರೆಜಿಲ್‌ನಿಂದ 16ನೆಯ ಶತಮಾನದಲ್ಲಿ ತಂದ ಗೋಡಂಬಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಆ ಹೆಸರನ್ನು ಕೊಟ್ಟುಬಿಟ್ಟನು. ಕರಿಗೇರಿಗೆ ಆತನ ಮಗ, ಗುರುತು ಹಾಕುವ ಕಾಯಿ ಎಂಬ ಅರ್ಥ ಬರುವಂತೆ, ಸೆಮೆಕಾರ್ಪಸ್ ಎಂಬ ಬೇರೆ ಹೆಸರನ್ನು ಹುಡುಕಬೇಕಾಯಿತು. ಮರಾಠಿಯಲ್ಲಿ ಇಂದಿಗೂ ಗೋಡಂಬಿ ಎಂದರೆ ಕರಿಗೇರಿನ ಕಾಯಿಯೊಳಗಿನ ತಿರುಳು. ಇದೆಲ್ಲ ತಿಳಿದಾಗ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಆದರೆ ಲಿನೇಯಸನ ತಪ್ಪಿನಿಂದ ಯಾರ ಕೈಯೂ ಸುಟ್ಟಿರಲಿಲ್ಲ.

ಎರಡನೆಯ ತಪ್ಪು ಜನವರಿಯ ಮೊದಲ ವಾರದ್ದು. ಮಾಲೀಕರು ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿ, "ಹಣ್ಣು ಬಂದಿದೆ ಸರ್, ಇದು ಗೋಡಂಬಿಯೇ ತಾನೆ?" ಎಂದು ಕೇಳಿದರು. ಕಿತ್ತಳೆ ಬಣ್ಣದ ಚಿಕ್ಕ ಹಣ್ಣು, ಅದರ ತುದಿಯಲ್ಲಿ ಹೊರಗೆ ಕೂತ ಬೀಜ. ಬೀಜ ಹೊರಗಿದ್ದರೆ ಗೋಡಂಬಿ ಎಂಬ ಶಾಲೆಯ ಪಾಠ ನನ್ನ ತಲೆಯಲ್ಲಿತ್ತು. ಹಣ್ಣು ಚಿಕ್ಕದಾಗಿರುವುದಕ್ಕೆ ನಾಟಿ ಮರ, ಒಣ ನೆಲ ಎಂಬ ಕಾರಣಗಳನ್ನು ನಾನೇ ಜೋಡಿಸಿಕೊಂಡು, ಹೌದು ಎಂದುಬಿಟ್ಟೆ.

ಚಿತ್ರದಲ್ಲಿ ಉತ್ತರ ಸ್ಪಷ್ಟವಾಗಿಯೇ ಇತ್ತು. ಎರಡೂ ಮರಗಳು ಮಾವಿನ ಕುಟುಂಬಕ್ಕೆ ಸೇರಿದವು, ಎರಡರಲ್ಲಿಯೂ ನಾವು ಹಣ್ಣು ಎನ್ನುವುದು ಉಬ್ಬಿದ ತೊಟ್ಟಿನ ಭಾಗ, ನಿಜವಾದ ಕಾಯಿ ತುದಿಯಲ್ಲಿರುವುದೇ. ಆದ್ದರಿಂದ ಬೀಜ ಹೊರಗಿದೆ ಎಂಬುದರಿಂದ ಕುಟುಂಬದ ಸುಳಿವು ಸಿಗುತ್ತದೆಯೇ ಹೊರತು ಮರದ ಹೆಸರು ಸಿಗುವುದಿಲ್ಲ. ಗೋಡಂಬಿಯ ಬೀಜ ಮೂತ್ರಪಿಂಡದಂತೆ ಬಾಗಿರುತ್ತದೆ, ಬಲಿತಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಕರಿಗೇರಿನದು ಒಂದಂಗುಲದಷ್ಟು, ಓರೆಯಾದ ಹೃದಯದ ಆಕಾರ, ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು. ಗೋಡಂಬಿಯ ಎಲೆ ಒಂದು ಗೇಣನ್ನು ದಾಟುವುದು ಅಪರೂಪ, ಕರಿಗೇರಿನ ಎಲೆ ಒಂದಡಿಯನ್ನು ಸುಲಭವಾಗಿ ದಾಟಿ, ಕೊಂಬೆಯ ತುದಿಯಲ್ಲಿ ಗುಂಪಾಗಿ, ಅಡಿಯಲ್ಲಿ ಬೂದಿ ಬಳಿದಂತೆ ಕಾಣುತ್ತದೆ. ಇವೆಲ್ಲಕ್ಕಿಂತ ಮೊದಲು ನಾನು ತಿಥಿಯನ್ನೇ ನೋಡಬೇಕಿತ್ತು: ಗೋಡಂಬಿ ಹೂ ಬಿಡುವ ಜನವರಿಯಲ್ಲಿ ಹಣ್ಣಾಗಿ ನಿಂತ ಮರ ಗೋಡಂಬಿಯಾಗುವುದು ಹೇಗೆ?

ಹಣ್ಣು ಮುಗಿದ ಮೇಲೆ ಸವರುವುದು ರೂಢಿಯಾದರೂ, ದಾರಿಗೆ ಅಡ್ಡವಾಗುತ್ತದೆಂದು ಮಾಲೀಕರು ಅದೇ ವಾರ ಬೇರೆ ಊರಿನ ಇಬ್ಬರು ಆಳುಗಳನ್ನು ಕರೆಸಿ ಕೆಳಗಿನ ಕೊಂಬೆಗಳನ್ನು ಕಡಿಸಿದರು. ಕಡಿದ ಜಾಗದಲ್ಲಿ ಒಸರಿದ ಸೊನೆ ನೋಡುನೋಡುತ್ತಲೇ ಕಪ್ಪಾಯಿತಂತೆ. ಇಬ್ಬರೂ ಕೈಯನ್ನು ಪಂಚೆಗೆ ಒರೆಸಿಕೊಂಡು ಕೆಲಸ ಮುಂದುವರಿಸಿದರು. ಆ ದಿನ ಏನೂ ಆಗಲಿಲ್ಲ. ಈ ಸೊನೆಯ ಗುಣವೇ ಹಾಗೆ. ತಾಗಿದ ಕೂಡಲೇ ಉರಿಯದೆ, ಒಂದೆರಡು ದಿನ ಕಳೆದು, ಚರ್ಮ ಅದನ್ನು ವಿರೋಧಿಸಲು ಆರಂಭಿಸಿದಾಗ ನೀರುಗುಳ್ಳೆಗಳು ಏಳುತ್ತವೆ. ಮಾವಿನ ಸೊನೆಗೆ ಬಾಯಿ ಸುಡುವವರಿಗೆ ಇದು ಇನ್ನೂ ಬಿರುಸಾಗಿ ತಾಗಬಹುದು. ಮೂರನೆಯ ದಿನ ಒಬ್ಬರ ಮುಂಗೈಗಳು ಗುಳ್ಳೆಯೆದ್ದು, ಕಣ್ಣಿನ ಸುತ್ತ ಊದಿಕೊಂಡಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ, ಖರ್ಚೂ ಅವರ ಕೂಲಿಯೂ ನನ್ನದೇ, ಗುಣವಾಗಲು ಎರಡು ವಾರ ಹಿಡಿಯಿತು. ಕಡಿದ ಕೊಂಬೆಗಳಿಗೆ ಬೆಂಕಿ ಹಾಕಲು ಹೊರಟಿದ್ದವರನ್ನು ಆ ಹಿರಿಯರು ಬಂದು ತಡೆದದ್ದು ಪುಣ್ಯ, ಏಕೆಂದರೆ ಅದರ ಹೊಗೆಯೂ ಮುಖಕ್ಕೆ, ಶ್ವಾಸಕ್ಕೆ ತಾಗುತ್ತದೆ.

ನಾನು ಅವರ ಮುಂದೆ ನಿಂತಾಗ ಅವರು ಬೈಯಲಿಲ್ಲ. "ನಾ ಹೇಳಿದ್ನಲ್ಲ ಸಾ, ಗೇರು ಅಂತ" ಎಂದರು. ಅವರ ದೃಷ್ಟಿಯಲ್ಲಿ ಆ ಒಂದು ಮಾತಿನೊಳಗೆ ಎಚ್ಚರಿಕೆಯೂ ಸೇರಿತ್ತು.

ಮರವನ್ನು ಕಡಿಸುವುದಾಗಿ ಮಾಲೀಕರು ಹೊರಟಿದ್ದರು, ಬೇಡವೆಂದೆ. ದಾರಿಯನ್ನು ಹತ್ತು ಅಡಿ ಸರಿಸಿ, ಬುಡದ ಸುತ್ತ ಮುಳ್ಳುಬೇಲಿ ಹಾಕಿಸಿದ್ದೇವೆ. ಕಾಯಿಯ ತಿರುಳನ್ನು ತಿನ್ನಬಹುದೆಂದು ಓದಿದ ಅವರಿಗೆ, ಚಿಪ್ಪಿನ ರಸ ತಾಗದಂತೆ ಅದನ್ನು ಬಿಡಿಸುವುದು ಕಲಿತವರ ಕೆಲಸವೆಂದೂ, ಔಷಧಿಗಾಗಿ ಕಾಯಿಯನ್ನು ಇಟ್ಟಿಗೆ ಪುಡಿಯಲ್ಲಿ ಶೋಧಿಸುವುದು, ಅಂದರೆ ಅದರ ನಂಜು ತೆಗೆಯುವುದು, ವೈದ್ಯರ ಕೆಲಸವೆಂದೂ ಹೇಳಿ ಬಂದೆ.

ಗುರುತು ಸಿಗದ ಮರದ ಎಲೆಯನ್ನು ಹಿಸುಕಿ ಮೂಸುವ ನನ್ನ ಹಳೆಯ ಚಾಳಿಯನ್ನು ಆಮೇಲೆ ಬಿಟ್ಟಿದ್ದೇನೆ. ಅಂದು ಹಳ್ಳ ದಾಟಿದ್ದರೆ ಮೊದಲ ಗುಳ್ಳೆ ನನ್ನ ಮೂಗಿನ ಮೇಲೇ ಏಳುತ್ತಿತ್ತು. ಈಗ ದೂರದಿಂದ ಎಲೆ, ತೊಗಟೆ, ಕಾಯಿ ಅಂಟಿಕೊಂಡ ಬಗೆ, ಹಳೆಯ ಗಾಯವಿದ್ದರೆ ಅಲ್ಲಿನ ಸೊನೆಯ ಬಣ್ಣ ಇವುಗಳ ಚಿತ್ರ ತೆಗೆದು, ತಿಂಗಳನ್ನು ಬರೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಸ್ಥಳೀಯ ಹೆಸರಿನ ಪಕ್ಕ ಒಂದು ಅಂಕಣ ಹೆಚ್ಚಾಗಿದೆ: ಹೇಳಿದವರು ಯಾವ ಊರಿನವರು, ಆ ಮರದ ಬಗ್ಗೆ ಇನ್ನೇನು ಹೇಳಿದರು. ಆ ಜಮೀನಿನ ತಿದ್ದಿದ ಪಟ್ಟಿಯಲ್ಲಿ, ಹದಿನೇಳನೆಯ ಸಾಲಿನಲ್ಲಿ, ಈಗ "ಕರಿಗೇರು, 1, ಮುಟ್ಟಬಾರದು, ಸುಡಬಾರದು" ಎಂದಿದೆ.